ರುಜು ಹಾಕುವ ಮುನ್ನ ಓದಿಸಿ ಕೇಳಿರಿ!

ಈಚೆಗೊಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಶಿವನಸಮುದ್ರದ ಕಡೆಯ ಒಬ್ಬ ಅಕ್ಕಿ ಗಿರಣಿ ಕೆಲಸಗಾರರು ನಮ್ಮ ಕಚೇರಿಯ ಬಾಗಿಲಿಗೆ ಬಂದರು. ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಹದಿನಾರು ಪುಟಗಳ ಒಂದು ಇಂಗ್ಲಿಷ್ ಕಾಗದ. “ಏನ್ ಬರೆದವ್ರೆ ಅಂತ ವಸಿ ನೋಡಿ ಮೇಷ್ಟ್ರೆ. ನಾಳಿಕ್ಕೆ ರುಜು ಹಾಕಿ ತಂದ್ಕೊಡು ಅಂದವ್ರೆ ಡಾಕ್ಟ್ರು” ಎಂದರು.

ಅವರಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ತೋರಿಸಿಕೊಳ್ಳುವುದು ಒಬ್ಬರೇ ಡಾಕ್ಟರಲ್ಲಿ. ಆ ಡಾಕ್ಟರು ಕೆಟ್ಟವರಲ್ಲ. ಕೈಯಲ್ಲಿ ಕಾಸಿಲ್ಲದ ದಿನ ಕಡ ಹೇಳಿ ಬಂದರೂ ಸುಮ್ಮನಿರುವವರು, ರಾತ್ರಿ ಬಾಗಿಲು ಬಡಿದರೆ ಎದ್ದು ಬರುವವರು. ಅವರು ಹೇಳಿದ್ದು ಇಷ್ಟು: ಹೊಸದೊಂದು ಗುಳಿಗೆ ಬಂದಿದೆ, ಪುಕ್ಕಟೆ ಕೊಡುತ್ತಾರೆ, ರಕ್ತ ಪರೀಕ್ಷೆಗೂ ಕಾಸಿಲ್ಲ, ಬಂದುಹೋಗುವ ಬಸ್ ಚಾರ್ಜು ಸಿಗುತ್ತದೆ, ಕೊನೆಯ ಪುಟದಲ್ಲಿ ಒಂದು ರುಜು ಬೇಕು, ಅಷ್ಟೆ.

ನನ್ನ ಓದು ಮೆಟ್ರಿಕ್‌ವರೆಗೆ. ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಕಾಲದ ನಿಘಂಟೊಂದು ಇನ್ನೂ ಕಪಾಟಿನಲ್ಲಿದೆ. ಅದನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಸಾಲಿಗೂ ತಡವರಿಸುತ್ತ, ರಾತ್ರಿ ಹತ್ತೂವರೆಯ ತನಕ ಓದಿದೆ. ಓದಿದ ಮೇಲೆ ಮೂರು ಸಂಗತಿಗಳು ತಿಳಿದವು.

ಮೊದಲನೆಯದು, ಇದು ಬರಿಯ ಚಿಕಿತ್ಸೆಯಲ್ಲ, ಪ್ರಯೋಗ. ಆ ಗುಳಿಗೆಯಿಂದ ಗುಣವಾಗುತ್ತದೆಯೋ ಇಲ್ಲವೋ ಎಂಬುದೇ ಇನ್ನೂ ತಿಳಿಯಬೇಕಾಗಿದೆ. ತಿಳಿದಿದ್ದರೆ ಪ್ರಯೋಗ ಏತಕ್ಕೆ ಬೇಕಿತ್ತು?

ಎರಡನೆಯದು, ಸೇರಿದವರಿಗೆಲ್ಲ ಹೊಸ ಗುಳಿಗೆ ಸಿಗುವುದಿಲ್ಲ. ದಿನವೂ ತೆಗೆದುಕೊಳ್ಳುವ ಮಾಮೂಲು ಮದ್ದಿನ ಜತೆಗೆ ಅರ್ಧ ಜನಕ್ಕೆ ಹೊಸ ಗುಳಿಗೆ, ಉಳಿದರ್ಧ ಜನಕ್ಕೆ ನೋಡಲು ಅದೇ ಬಣ್ಣ ಅದೇ ಆಕಾರದ, ಒಳಗೆ ಮದ್ದೇ ಇಲ್ಲದ ಹುಸಿಗುಳಿಗೆ. ಇದಕ್ಕೆ ಅವರ ಭಾಷೆಯಲ್ಲಿ ಪ್ಲಾಸಿಬೋ ಎನ್ನುತ್ತಾರೆ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನ ಮಾಡುತ್ತಾರೆ. ನುಂಗುವವನಿಗೂ ಗೊತ್ತಿರುವುದಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ.

ಮೂರನೆಯದು, ಕೊನೆಯ ಪುಟದಲ್ಲಿ ರುಜುವಿನ ಜಾಗಕ್ಕೆ ಮೇಲೆ, ವಿಳಾಸ, ವಿದ್ಯಾರ್ಹತೆ, ಕಸುಬು, ವರ್ಷದ ಆದಾಯ ಎಂದೆಲ್ಲ ಕೇಳಿ, ಕೆಳಗೆ ವಾರಸುದಾರರ ಹೆಸರು, ವಿಳಾಸ, ಸಂಬಂಧ ಬರೆಯಲು ಸ್ಥಳ ಬಿಟ್ಟಿತ್ತು. ಪ್ರಾವಿಡೆಂಟ್ ಫಂಡಿನ ಫಾರಮ್ಮು ತುಂಬಿದ ಯಾವ ಕಾರ್ಮಿಕನಿಗೂ ಈ ಸಾಲಿನ ಅರ್ಥ ಹೇಳಿಕೊಡಬೇಕಾಗಿಲ್ಲ. ಪ್ರಯೋಗದಿಂದಾಗಿ ಸತ್ತರೆ ಪರಿಹಾರದ ಹಣ ಯಾರ ಕೈಗೆ ಕೊಡಬೇಕು ಎಂಬ ಪ್ರಶ್ನೆ ಅದು. ಇದನ್ನು ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ ಕೇಳಿದರು: “ಡಾಕ್ಟ್ರೇ ಹೇಳಿದ್ ಮೇಲೆ ಆಗಕಿಲ್ಲ ಅನ್ನೋದೆಂಗೆ ಮೇಷ್ಟ್ರೆ? ನಾಳೆ ಮಗೀಗೆ ಜ್ವರ ಬಂದ್ರೆ ಇನ್ನೆಲ್ಲಿಗೆ ಹೋಗಾನ?”

ಕಾರ್ಮಿಕ ಬಂಧುಗಳೇ, ಅಂಗಡಿ ಬೀದಿಯ ಬಂಧುಗಳೇ! ಈ ಲೇಖನ ಬರೆಯುತ್ತಿರುವುದು ಆ ಒಂದು ಪ್ರಶ್ನೆಗಾಗಿ. ಗುಳಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಹೇಳಲು ನಾನು ವೈದ್ಯನಲ್ಲ. ಆದರೆ “ಆಗುವುದಿಲ್ಲ” ಎಂದು ಹೇಳಲಾಗದವನ “ಆಗಲಿ” ಎಂಬ ಮಾತಿಗೆ ಬೆಲೆ ಏನು ಎಂದು ಕೇಳುವುದಕ್ಕೆ ವೈದ್ಯಶಾಸ್ತ್ರ ಓದಬೇಕಾಗಿಲ್ಲ.

ಒಬ್ಬ ಡಾಕ್ಟರು, ಎರಡು ಪಟ್ಟ

ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಪ್ರಯೋಗ ನಡೆದರೆ, ಕೇಳುವವನು ಅಪರಿಚಿತ, ಕೇಳಿಸಿಕೊಳ್ಳುವವನೂ ಅಪರಿಚಿತ. ಅಲ್ಲಿ ಅನುಮಾನ ಸಹಜವಾಗಿ ಹುಟ್ಟುತ್ತದೆ. ಆದರೆ ಮಳವಳ್ಳಿಯಲ್ಲೋ ಮದ್ದೂರಿನಲ್ಲೋ ಬೆಳಕವಾಡಿಯಲ್ಲೋ ನಮ್ಮ ಡಾಕ್ಟರು ನಮಗೆ ಅಪರಿಚಿತರಲ್ಲ. ನಮ್ಮ ಮನೆಯ ಹೆರಿಗೆ ಅವರಿಗೆ ಗೊತ್ತು, ನಮ್ಮ ಸಾಲ ಅವರಿಗೆ ಗೊತ್ತು. ವೈದ್ಯೋ ನಾರಾಯಣೋ ಹರಿಃ ಎಂದು ಹಿರಿಯರು ಹೇಳಿದ್ದನ್ನು ನಾವು ಇನ್ನೂ ಮರೆತಿಲ್ಲ. ಔಷಧದ ಕಂಪನಿಗಳು ಸಣ್ಣ ಊರಿನ ಸಣ್ಣ ನರ್ಸಿಂಗ್ ಹೋಮುಗಳ ಬಾಗಿಲಿಗೆ ಬರುತ್ತಿದ್ದರೆ, ಕಟ್ಟಡದ ಅಂದ ನೋಡಿ ಬರುವುದಲ್ಲ. ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಒಬ್ಬ ವೈದ್ಯರು ಗಳಿಸಿಕೊಂಡ ನಂಬಿಕೆಗಾಗಿ ಬರುತ್ತವೆ. ಆ ನಂಬಿಕೆಯೇ ಅವರಿಗೆ ಬೇಕಾದ ಬಂಡವಾಳ.

ಆ ನಂಬಿಕೆ ಯಾರದು? ಡಾಕ್ಟರ ಸ್ವಂತ ಆಸ್ತಿಯೇ? ಅಲ್ಲ. ಅದನ್ನು ಕೊಟ್ಟವರು ರೋಗಿಗಳು. ಕೊಟ್ಟದ್ದು ಗುಣಪಡಿಸಲಿ ಎಂದು, ಬೇರೆಯವರಿಗೆ ಗುತ್ತಿಗೆ ಕೊಡಲಿ ಎಂದಲ್ಲ.

ಪ್ರಯೋಗದ ಕಾಗದದಲ್ಲಿ ಡಾಕ್ಟರ ಹೆಸರಿನ ಮುಂದೆ ಡಾಕ್ಟರು ಎಂದಷ್ಟೇ ಇರುವುದಿಲ್ಲ, ಇನ್‌ವೆಸ್ಟಿಗೇಟರ್ ಎಂದಿರುತ್ತದೆ. ಎಂದರೆ ಶೋಧನೆ ಮಾಡುವವರು. ಒಂದೇ ಕುರ್ಚಿ, ಒಂದೇ ಸ್ಟೆತಾಸ್ಕೋಪು, ಆದರೆ ಕೆಲಸ ಎರಡು. ಡಾಕ್ಟರಾದವರು ಈ ರೋಗಿಗೆ ಯಾವುದು ಒಳಿತು ಎಂದು ನೋಡಬೇಕು. ಶೋಧಕರಾದವರು ಮುಂದೆ ಬರುವ ರೋಗಿಗಳಿಗಾಗಿ ಒಂದು ಪ್ರಶ್ನೆಗೆ ಉತ್ತರ ಹುಡುಕಬೇಕು. ಎರಡನೆಯದೂ ಗೌರವದ ಕೆಲಸವೇ. ಆದರೆ ಆ ಕೆಲಸಕ್ಕೆ ಕಂಪನಿ ಸಂಭಾವನೆ ಕೊಡುತ್ತದೆ, ಸಾಮಾನ್ಯವಾಗಿ ಸೇರಿಸಿದ ರೋಗಿಗಳ ತಲೆ ಎಣಿಸಿ ಕೊಡುತ್ತದೆ. ಹೀಗಿರುವಲ್ಲಿ ಡಾಕ್ಟರು ಯಾವ ಪಟ್ಟದಿಂದ ಮಾತನಾಡುತ್ತಿದ್ದಾರೆ ಎಂಬುದು ಎದುರಿಗೆ ಕುಳಿತವನಿಗೆ ತಿಳಿಯಬೇಡವೇ? ಮಂಡಿಯಲ್ಲಿ ಬೆಲ್ಲ ಮಾರಿಸಿಕೊಡುವ ದಲ್ಲಾಳಿ ಕೂಡ ತನ್ನ ದಲ್ಲಾಳಿ ಇಷ್ಟು ಎಂದು ರೈತನ ಮುಂದೆ ಹೇಳಬೇಕಾಗುತ್ತದೆ. ಮೈ ಒಡ್ಡುವವನಿಗೆ ಆ ಲೆಕ್ಕ ಹೇಳುವವರಿಲ್ಲ.

ಸಂಶೋಧನೆಗೆ ನಾವು ಶತ್ರುಗಳಲ್ಲ

ಇಷ್ಟು ಹೇಳಿದರೆ ಸಾಕು, “ಸಮಾಜವಾದಿಗಳು ವಿಜ್ಞಾನಕ್ಕೆ ಅಡ್ಡಗಾಲು” ಎಂದು ಕೂಗುವವರಿದ್ದಾರೆ. ಅವರಿಗೆ ಮೊದಲೇ ಉತ್ತರ ಕೊಡುತ್ತೇನೆ.

ನಮ್ಮ ಸೀಮೆಗೆ ಸಂಶೋಧನೆ ಹೊಸದಲ್ಲ. 1930ರ ದಶಕದಲ್ಲಿ ಕನ್ನಂಬಾಡಿಯ ನೀರು ಆಗಿನ ಇರ್ವಿನ್ ಕಾಲುವೆ, ಈಗಿನ ವಿಶ್ವೇಶ್ವರಯ್ಯ ಕಾಲುವೆಯಲ್ಲಿ ಹರಿದು ಬಂದಾಗ, ಭತ್ತ ಕಬ್ಬಿನ ಜತೆಗೆ ಸೊಳ್ಳೆಯನ್ನೂ ಮಲೇರಿಯಾ ಜ್ವರವನ್ನೂ ತಂದಿತು. ಆ ಕಾಲದಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ನಿನ ನೆರವಿನಿಂದ ನಾಗೇನಹಳ್ಳಿ, ಮೂಡಿಗೆರೆಗಳಲ್ಲಿ ಮಲೇರಿಯಾ ಅಧ್ಯಯನ ನಡೆಸಿತು, ಮಂಡ್ಯದಲ್ಲಿ ಆರೋಗ್ಯ ಘಟಕ ತೆರೆಯಿತು. ಜ್ವರದಿಂದ ನಡುಗಿದ ಅಜ್ಜ ಅಜ್ಜಿಯರ ಮೊಮ್ಮಕ್ಕಳು ನಾವು. ರೋಗವನ್ನು ಅರಿಯದೆ ರೋಗವನ್ನು ಗೆಲ್ಲಲಾಗದು ಎಂಬುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ನಿದರ್ಶನ ಕೇಳಿ. ಕ್ಷಯ ಬಂದರೆ ಸ್ಯಾನಟೋರಿಯಂ ಸೇರಬೇಕು, ತಿಂಗಳುಗಟ್ಟಲೆ ಹಾಲು ಮೊಟ್ಟೆ ತಿಂದು ಮಲಗಿರಬೇಕು ಎಂಬ ಕಾಲವಿತ್ತು. ಕೂಲಿಯವನಿಗೆ ಹಾಸಿಗೆ ಎಲ್ಲಿ ಸಿಗಬೇಕು? ಮಲಗಿದರೆ ಮನೆ ನಡೆಸುವವರಾರು? 1956ರಲ್ಲಿ ಮದರಾಸಿನಲ್ಲಿ ಕ್ಷಯ ಚಿಕಿತ್ಸೆಯ ಒಂದು ಸಂಶೋಧನ ಕೇಂದ್ರ ಆರಂಭವಾಯಿತು. ಅಲ್ಲಿನ ಬಡ ಕೇರಿಗಳ 193 ರೋಗಿಗಳನ್ನು ಚೀಟಿ ಎತ್ತಿದ ಹಾಗೆಯೇ ಎರಡು ಪಾಲು ಮಾಡಿ, ಒಂದು ಪಾಲನ್ನು ಸ್ಯಾನಟೋರಿಯಮ್ಮಿನಲ್ಲಿಟ್ಟು, ಇನ್ನೊಂದು ಪಾಲಿಗೆ ಅವರವರ ಇಕ್ಕಟ್ಟಾದ ಮನೆಗಳಲ್ಲಿಯೇ ಮದ್ದು ಕೊಟ್ಟು ನೋಡಿದರು. ಎರಡು ಕಡೆಯೂ ಒಂದೇ ಮದ್ದು. 1959ರಲ್ಲಿ ಫಲಿತಾಂಶ ಪ್ರಕಟವಾಯಿತು: ಸರಿಯಾಗಿ ಮದ್ದು ನುಂಗಿದರೆ ಗುಡಿಸಲಿನಲ್ಲಿದ್ದವನೂ ಸ್ಯಾನಟೋರಿಯಮ್ಮಿನಲ್ಲಿದ್ದವನಷ್ಟೇ ಗುಣಹೊಂದುತ್ತಾನೆ! ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೂ ಕಾಣಲಿಲ್ಲ. ಇಂದು ಪ್ರಪಂಚದ ಯಾವ ಮೂಲೆಯ ಬಡವನಾದರೂ ಮನೆಯಲ್ಲಿದ್ದುಕೊಂಡೇ ಕ್ಷಯಕ್ಕೆ ಮದ್ದು ತೆಗೆದುಕೊಳ್ಳುತ್ತಿದ್ದರೆ, ಮದರಾಸಿನ ಆ 193 ಮಂದಿಯ ಋಣ ಅವನ ಮೇಲಿದೆ.

ಅಷ್ಟು ದೂರ ಏಕೆ, ನಮ್ಮ ತುಮಕೂರನ್ನೇ ನೋಡಿ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಹಳ್ಳಿಗೆ ಹೋಗಿ ಕ್ಷಯದ ಸಮೀಕ್ಷೆ ಮಾಡಿದರು. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಇಬ್ಬರು ವಿದ್ವಾಂಸರು ರೋಗಿಗಳ ಬಳಿ ಕುಳಿತು ಮಾತನಾಡಿ 1963ರಲ್ಲಿ ಬರೆದದ್ದೇನು? ಹಳ್ಳಿಯವನಿಗೆ ರೋಗದ ಅರಿವಿಲ್ಲ, ಅವನು ಆಸ್ಪತ್ರೆಗೆ ಬರುವುದಿಲ್ಲ ಎಂದು ಅಧಿಕಾರಿಗಳು ಹೇಳುತ್ತಿದ್ದುದು ಸುಳ್ಳು. ರೋಗಿಗಳಲ್ಲಿ ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಕಫ ಪರೀಕ್ಷೆ ಮಾಡುವವರಿಲ್ಲದೆ ಕೆಮ್ಮಿನ ಔಷಧ ಕೊಟ್ಟು ಸಾಗಹಾಕಿದ್ದರು! ತಪ್ಪು ರೋಗಿಯದಲ್ಲ, ವ್ಯವಸ್ಥೆಯದು ಎಂದು ತೋರಿಸಿಕೊಟ್ಟ ಸಂಶೋಧನೆ ಅದು. ಇಂಥ ಸಂಶೋಧನೆಗೆ ನಮ್ಮ ಎದೆಯ ಬಾಗಿಲು ತೆರೆದಿದೆ.

ಆದ್ದರಿಂದ ಜಗಳ ವಿಜ್ಞಾನದ ಮೇಲಲ್ಲ. ಯಾರು ಪ್ರಶ್ನೆ ಹಾಕಿದರು, ಯಾರಿಗೆ ತಿಳಿಸಿ ಹಾಕಿದರು, ಉತ್ತರದ ಫಲ ಯಾರ ಮನೆ ಸೇರಿತು ಎಂಬುದರ ಮೇಲೆ.

ತಿಳಿಸದೆ ಮಾಡಿದ್ದರ ಕತೆ

ತಿಳಿಸದೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನಗಳಿವೆ. 2003ರಲ್ಲಿ ಸ್ತನದ ಕ್ಯಾನ್ಸರಿಗೆಂದು ಅನುಮತಿ ಪಡೆದಿದ್ದ ಲೆಟ್ರೊಜೋಲ್ ಎಂಬ ಮದ್ದನ್ನು, ಮಕ್ಕಳಾಗಲಿಲ್ಲವೆಂದು ಬಂದ 400ಕ್ಕೂ ಹೆಚ್ಚು ಹೆಂಗಸರಿಗೆ ದೇಶದ ಹಲವು ಊರುಗಳ ಖಾಸಗಿ ಡಾಕ್ಟರುಗಳು ತಮ್ಮ ತಮ್ಮ ಕ್ಲಿನಿಕ್ಕುಗಳಲ್ಲಿಯೇ ಕೊಟ್ಟ ಸಂಗತಿ ಬಯಲಾಯಿತು. ತಾವು ಪ್ರಯೋಗದಲ್ಲಿದ್ದೇವೆಂಬುದು ಆ ಹೆಂಗಸರಿಗೇ ತಿಳಿದಿರಲಿಲ್ಲ. ಇಲ್ಲೊಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. 2014ರಲ್ಲಿ ಅಮೆರಿಕದಲ್ಲಿ 750 ಹೆಂಗಸರ ಒಪ್ಪಿಗೆ ಪಡೆದು ನಡೆಸಿದ ಪ್ರಯೋಗದಲ್ಲಿ, ಒಂದು ಬಗೆಯ ಬಂಜೆತನಕ್ಕೆ ಅದೇ ಮದ್ದು ಉಪಯುಕ್ತವೆಂದು ಸಿದ್ಧವಾಯಿತು. ಹಾಗಾದರೆ ಇಲ್ಲಿ ನಡೆದದ್ದು ಸರಿಯಾಯಿತೇ? ಆಗಲಿಲ್ಲ. ನನ್ನ ಜೇಬಿನಿಂದ ನನಗೆ ಹೇಳದೆ ತೆಗೆದ ಹಣದಿಂದ ನನಗೇ ಅಕ್ಕಿ ತಂದುಕೊಟ್ಟರೂ, ತೆಗೆದದ್ದು ಕಳವೇ. ಅಲ್ಲಿ ಕೇಳಿ ಮಾಡಿದರು, ಇಲ್ಲಿ ಕೇಳದೆ ಮಾಡಿದರು. ವ್ಯತ್ಯಾಸ ಮದ್ದಿನದಲ್ಲ, ಮನುಷ್ಯನ ಬೆಲೆಯದು.

ಮೇಷ್ಟ್ರಾಗಿದ್ದ ನನಗೆ ಹೆಚ್ಚು ನೋವು ಕೊಟ್ಟದ್ದು ಇನ್ನೊಂದು ಪ್ರಕರಣ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಹತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಿ ಅಧ್ಯಯನ ನಡೆಸಿದರು. ಬಹಳ ಮಂದಿ ಬುಡಕಟ್ಟಿನ ಮಕ್ಕಳು, ಹಾಸ್ಟೆಲಿನಲ್ಲಿದ್ದವರು. 2013ರಲ್ಲಿ ಪಾರ್ಲಿಮೆಂಟಿನ ಸ್ಥಾಯೀ ಸಮಿತಿ ಬಯಲಿಗೆಳೆದ ಲೆಕ್ಕ ನೋಡಿ: ಪರಿಶೀಲಿಸಿದ 9,543 ಒಪ್ಪಿಗೆ ಪತ್ರಗಳಲ್ಲಿ 1,948ಕ್ಕೆ ಹೆಬ್ಬೆಟ್ಟಿನ ಗುರುತು. 2,763ಕ್ಕೆ ರುಜು ಹಾಕಿದವರು ತಂದೆಯೂ ಅಲ್ಲ, ತಾಯಿಯೂ ಅಲ್ಲ, ಹಾಸ್ಟೆಲಿನ ವಾರ್ಡನ್ನುಗಳು! ಆಂಧ್ರ, ಗುಜರಾತು ಎರಡೂ ಕಡೆ ಸೇರಿ ಏಳು ಮಂದಿ ಹೆಣ್ಣುಮಕ್ಕಳು ತೀರಿಕೊಂಡ ಮೇಲೆ, 2010ರ ಏಪ್ರಿಲಿನಲ್ಲಿ ಕೆಲಸ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ವಿಚಾರಣೆ ಹೇಳಿತು. ಲಸಿಕೆಯನ್ನು ನಾನು ದೂರುವುದಿಲ್ಲ, ಅದು ಇಂದು ಅನೇಕ ದೇಶಗಳಲ್ಲಿ ಹೆಣ್ಣುಮಕ್ಕಳನ್ನು ಕಾಯುತ್ತಿದೆ. ದೂರುವುದು ಆ ರುಜುವನ್ನು. ಅವರಿವರ ಮಕ್ಕಳ ಮೈಗೆ ಒಪ್ಪಿಗೆ ಕೊಡುವ ಅಧಿಕಾರ ಮೇಷ್ಟ್ರಿಗಾಗಲಿ ವಾರ್ಡನ್ನರಿಗಾಗಲಿ ಕೊಟ್ಟವರಾರು? ಮೇಲಿನಿಂದ ಕಾಗದ ಬಂತು, ಕೆಳಗಿನವನು ರುಜು ಹಾಕಿದ. ಈ ಅಭ್ಯಾಸ ನಮ್ಮ ಶಾಲೆಗಳಲ್ಲಿ ಎಷ್ಟು ಆಳಕ್ಕಿಳಿದಿದೆ ಎಂಬುದನ್ನು ನಾನು ಕಣ್ಣಾರೆ ಕಂಡವನು.

ಇನ್ನು ಶಿಕ್ಷೆಯ ವಿಚಾರ. ಇಂದೋರಿನಲ್ಲಿ ನಡೆದಿದ್ದ ಪ್ರಯೋಗಗಳ ವಿವರ ಕೊಡಲಿಲ್ಲವೆಂದು 2012ರ ಜನವರಿಯಲ್ಲಿ ಮಧ್ಯಪ್ರದೇಶ ಸರ್ಕಾರ 12 ಮಂದಿ ವೈದ್ಯರಿಗೆ ದಂಡ ಹಾಕಿತು. ಎಷ್ಟು? ತಲೆಗೆ 5,000 ರೂಪಾಯಿ! ತಕ್ಕಡಿಯಲ್ಲಿ ತೂಕ ಕಡಿಮೆಯಾದರೆ ನಮ್ಮ ಸಂತೆಯ ಸಣ್ಣ ವ್ಯಾಪಾರಿ ಪಡುವ ಪಾಡನ್ನು ಇದರೊಂದಿಗೆ ಹೋಲಿಸಿ ನೋಡಿ. ಇಂದೋರಿನ ಜನರೇ ಸಂಘಟಿತರಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಕೇಂದ್ರ ಸರ್ಕಾರ ಒಪ್ಪಿಕೊಂಡ ಲೆಕ್ಕ: 2005ರಿಂದ 2012ರ ನಡುವೆ 475 ಹೊಸ ಮದ್ದುಗಳ ಪ್ರಯೋಗದ ಕಾಲದಲ್ಲಿ 2,644 ಮಂದಿ ಸತ್ತಿದ್ದಾರೆ, ಅವರಲ್ಲಿ 80 ಮಂದಿಯ ಸಾವಿಗೆ ಪ್ರಯೋಗವೇ ಕಾರಣ. ಉಳಿದವರೆಲ್ಲ ತಮ್ಮ ಕಾಯಿಲೆಯಿಂದಲೇ ಸತ್ತರೆಂದು ಇಟ್ಟುಕೊಳ್ಳೋಣ. ಆದರೆ ಹಾಗೆಂದು ತೀರ್ಮಾನ ಮಾಡಿದ ಸಭೆಗಳಲ್ಲಿ ಸತ್ತವರ ಕಡೆಯವರು ಕುಳಿತಿದ್ದರೇ?

ನೀರು ನಮ್ಮದು, ದೀಪ ಯಾರದು?

ಶಿವನಸಮುದ್ರದವರಿಗೆ ಈ ಲೆಕ್ಕ ಬೇರೆ ರೀತಿಯಲ್ಲಿ ಹೇಳಬಹುದು. 1902ರ ಜೂನ್ 30ರಂದು ಇಲ್ಲಿನ ಕಾವೇರಿಯ ಧುಮುಕಿನಿಂದ ಹುಟ್ಟಿದ ವಿದ್ಯುತ್ತು ಹೊರಟದ್ದು ಎಲ್ಲಿಗೆ? ಮಳವಳ್ಳಿಗಲ್ಲ, ಮಂಡ್ಯಕ್ಕಲ್ಲ. 92 ಮೈಲಿ ತಂತಿ ಎಳೆದು ಅದನ್ನು ಕೋಲಾರದ ಚಿನ್ನದ ಗಣಿಗೆ ಒಯ್ದರು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ತಂತಿಗಳಲ್ಲೊಂದೆಂದು ನಾವು ಶಾಲೆಯಲ್ಲಿ ಹೆಮ್ಮೆಯಿಂದ ಪಾಠ ಹೇಳುತ್ತೇವೆ. ಆದರೆ ಗಣಿ ಜಾನ್ ಟೇಲರ್ ಎಂಬ ಇಂಗ್ಲಿಷರ ಆಡಳಿತದಲ್ಲಿತ್ತು, ಚಿನ್ನ ಲಂಡನ್ನಿಗೆ ಹೋಯಿತು, ಗಣಿಯ ಧೂಳು ಮಾತ್ರ ಕಾರ್ಮಿಕನ ಶ್ವಾಸಕೋಶದಲ್ಲಿ ಉಳಿಯಿತು. ತಂತಿಯ ಕೆಳಗಿನ ಹಳ್ಳಿಗಳು ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಕುಳಿತವು. ಆ ವಿದ್ಯುದಾಗಾರ ಕಟ್ಟಿದ್ದು ತಪ್ಪೆಂದು ಯಾವ ಮೂರ್ಖನೂ ಹೇಳಲಾರ. ಫಲದ ಹಂಚಿಕೆ ತಪ್ಪಾಗಿತ್ತು ಎನ್ನುತ್ತೇವೆ.

ಅಂದು ಹೊರಗೆ ಹೋದದ್ದು ನೀರಿನ ಶಕ್ತಿ, ಇಂದು ಹೋಗುವುದು ನಮ್ಮ ರಕ್ತದ ಲೆಕ್ಕ. ನಮ್ಮ ಮೈಯಿಂದ ತಿಳಿದ ಅರಿವಿನ ಮೇಲೆ ಪೇಟೆಂಟು ಪಡೆದ ಮದ್ದು ನಾಳೆ ಅಂಗಡಿಗೆ ಬಂದಾಗ, ಅದನ್ನು ಕೊಳ್ಳುವ ಶಕ್ತಿ ಅದನ್ನು ಮೊದಲು ನುಂಗಿದ ಹಮಾಲಿಗೆ ಇರುತ್ತದೆಯೇ? ಪ್ರಯೋಗ ಮುಗಿದ ಮೇಲೂ ಪುಕ್ಕಟೆಯಾಗಿ ಮದ್ದು ಮುಂದುವರಿಸುವ ಅವಕಾಶ 2019ರ ನಿಯಮಗಳಲ್ಲಿದೆ, ನಿಜ. ಆದರೆ ಬೇರೆ ಚಿಕಿತ್ಸೆ ಇಲ್ಲದಿರಬೇಕು, ಆ ಮದ್ದಿನಿಂದ ಗುಣ ಕಂಡಿರಬೇಕು, ಡಾಕ್ಟರು ಶಿಫಾರಸು ಮಾಡಬೇಕು, ಸಮಿತಿ ಒಪ್ಪಬೇಕು. ಇಷ್ಟು ಬಾಗಿಲು ದಾಟಿ ಒಳಹೋಗುವವರೆಷ್ಟು ಮಂದಿ? ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ!

ಕಾನೂನು ಏನು ಹೇಳುತ್ತದೆ

ಕಾನೂನು ಇಲ್ಲವೆಂದಲ್ಲ. 2019ರ ಮಾರ್ಚಿಯಲ್ಲಿ ಜಾರಿಗೆ ಬಂದ ಹೊಸ ಔಷಧ ಹಾಗೂ ಚಿಕಿತ್ಸಾ ಪ್ರಯೋಗಗಳ ನಿಯಮಗಳನ್ನು ಪ್ರತಿಯೊಬ್ಬ ಕಾರ್ಮಿಕನೂ ಫ್ಯಾಕ್ಟರಿ ಕಾಯಿದೆಯಂತೆ ಬಾಯಿಪಾಠ ಮಾಡಬೇಕು. ಅದರ ಸಾರ ಇಷ್ಟು.

ಕಾಗದ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದು ಬಾರದವನಾದರೆ ಯಾರ ಕಡೆಯೂ ಸೇರದ ಸಾಕ್ಷಿಯೊಬ್ಬರು ಮೊದಲಿನಿಂದ ಕೊನೆಯವರೆಗೆ ಎದುರಿಗಿರಬೇಕು. ಸಹಿಯಾದ ಕಾಗದದ ಪ್ರತಿ ರೋಗಿಗೆ ಕೊಡಬೇಕು. ಒಲ್ಲೆನೆಂದರೆ ಮಾಮೂಲು ಚಿಕಿತ್ಸೆಗೆ ಕುಂದು ಬರಕೂಡದು. ಸೇರಿದ ಮೇಲೂ ಯಾವ ದಿನ ಬೇಕಾದರೂ ಬಿಟ್ಟುಬರಬಹುದು. ಪ್ರಯೋಗದ ಕಾಲದಲ್ಲಿ ಅಪಾಯವಾದರೆ ಪುಕ್ಕಟೆ ಚಿಕಿತ್ಸೆ ಕೊಡಬೇಕು. ಹುಸಿಗುಳಿಗೆ ಕೊಟ್ಟು, ಸಿಗಬೇಕಾಗಿದ್ದ ಮಾಮೂಲು ಚಿಕಿತ್ಸೆ ತಪ್ಪಿಸಿದ್ದರಿಂದ ಆದ ಹಾನಿಯೂ ಪರಿಹಾರಕ್ಕೆ ಅರ್ಹ. ಪ್ರಯೋಗದಿಂದ ಸಾವಾದರೆ ಪರಿಹಾರವನ್ನು 8 ಲಕ್ಷ ರೂಪಾಯಿಯ ಬುನಾದಿಯ ಮೇಲೆ ವಯಸ್ಸನ್ನೂ ಕಾಯಿಲೆಯ ತೀವ್ರತೆಯನ್ನೂ ನೋಡಿ ಲೆಕ್ಕ ಹಾಕುತ್ತಾರೆ. ವಯಸ್ಸಿನ ಪಟ್ಟಿ ನಮಗೆ ಪರಿಚಿತವಾದ ಕಾರ್ಮಿಕ ಪರಿಹಾರ ಕಾಯಿದೆಯದೇ. ಆದರೆ ಕೂಲಿ ಎಷ್ಟು ಎಂಬುದು ಆ ಲೆಕ್ಕದಲ್ಲಿ ಇಲ್ಲ. ಕೂಲಿಯವನ ಜೀವಕ್ಕೂ ಕೋಟ್ಯಧೀಶನ ಜೀವಕ್ಕೂ ಒಂದೇ ಬುನಾದಿ. ಈ ದೇಶದ ಕಾನೂನಿನಲ್ಲಿ ಇಂಥ ಸಮಾನತೆ ಅಪರೂಪ, ಅದನ್ನು ಬಿಟ್ಟುಕೊಡಬೇಡಿ.

ಇನ್ನು ಕಾನೂನಿನ ತೂತುಗಳನ್ನೂ ನೋಡೋಣ. 50 ಹಾಸಿಗೆಗಿಂತ ಕಡಿಮೆ ಇರುವ ಆಸ್ಪತ್ರೆಯಲ್ಲಿ ಪ್ರಯೋಗ ಕೂಡದೆಂಬ ಕಟ್ಟು ಮೊದಲು ಇತ್ತು. 2016ರ ಆಗಸ್ಟಿನಲ್ಲಿ ಅದನ್ನು ತೆಗೆದುಹಾಕಿ, ಸ್ಥಳ ಯೋಗ್ಯವೇ ಎಂಬುದನ್ನು ನೀತಿ ಸಮಿತಿಯ ವಿವೇಚನೆಗೆ ಬಿಟ್ಟರು. ಏನಿದು ನೀತಿ ಸಮಿತಿ? ಪ್ರಯೋಗವನ್ನು ಮೊದಲು ಪರಿಶೀಲಿಸಿ ಒಪ್ಪಿಗೆ ಕೊಡುವ, ಕನಿಷ್ಠ ಏಳು ಮಂದಿಯ ಕೂಟ. ಅದರಲ್ಲಿ ಒಬ್ಬರಾದರೂ ಹೆಂಗಸು, ಒಬ್ಬರಾದರೂ ಕಾನೂನು ಬಲ್ಲವರು, ಒಬ್ಬರಾದರೂ ಜನಸಾಮಾನ್ಯರು ಇರಬೇಕು. ಪ್ರಯೋಗದ ಜಾಗದಲ್ಲಿ ಸಮಿತಿ ಇಲ್ಲದಿದ್ದರೆ ಅದೇ ಊರಿನ ಅಥವಾ 50 ಕಿಲೋಮೀಟರ್ ಸುತ್ತಳತೆಯ ಸಮಿತಿಯಾಗಬೇಕು. ಶಿವನಸಮುದ್ರದಿಂದ ಅಳೆದರೆ ಮಂಡ್ಯ ಆ ಸುತ್ತಿನೊಳಗೆ ಬರುತ್ತದೆ, ಬೆಂಗಳೂರು ಬರುವುದಿಲ್ಲ. ಆದರೆ ನನ್ನ ಪ್ರಶ್ನೆ ಇದು: ಆ “ಜನಸಾಮಾನ್ಯ” ಸದಸ್ಯ ಯಾರು? ಗಿರಣಿಯ ಹಮಾಲಿ ಅಲ್ಲಿ ಎಂದಾದರೂ ಕುಳಿತಿದ್ದಾನೆಯೇ? ಬೀದಿಯಲ್ಲಿ ಸೊಪ್ಪು ಮಾರುವವಳನ್ನು ಯಾರಾದರೂ ಕರೆದಿದ್ದಾರೆಯೇ? ಇನ್ನು ಡಾಕ್ಟರಿಗೆ ಕಂಪನಿ ಕೊಡುವ ಸಂಭಾವನೆಯನ್ನು ರೋಗಿಯ ಕಾಗದದಲ್ಲಿ ಬರೆಯಬೇಕೆಂಬ ಸಾಲಿಗಾಗಿ ಒಪ್ಪಿಗೆ ಪತ್ರದ ನಿಯಮವನ್ನು ಎರಡು ಸಲ ಹುಡುಕಿದೆ. ನನ್ನ ಕಣ್ಣಿಗೆ ಬೀಳಲಿಲ್ಲ.

ಮೇಜಿನ ಖಾನೆಯಲ್ಲಿದ್ದ ಕನ್ನಡ

ಮಾರನೆಯ ದಿನ ಆ ಗಿರಣಿಯ ಗೆಳೆಯರೂ ನಾನೂ ಡಾಕ್ಟರಲ್ಲಿಗೆ ಹೋದೆವು. ಜಗಳಕ್ಕಲ್ಲ, ಕೇಳುವುದಕ್ಕೆ. “ಈ ಕಾಗದ ಕನ್ನಡದಲ್ಲಿ ಬೇಕು” ಎಂದು ಗೆಳೆಯರೇ ಕೇಳಿದರು. ಡಾಕ್ಟರು ಒಂದು ಕ್ಷಣ ನೋಡಿದರು. ಆಮೇಲೆ ಮೇಜಿನ ಖಾನೆ ಎಳೆದು ಒಂದು ಕಟ್ಟು ತೆಗೆದರು. ಅಚ್ಚುಕಟ್ಟಾದ ಕನ್ನಡ, ಅದೇ ಹದಿನಾರು ಪುಟ! “ಇದೆಯಲ್ಲ, ಕೇಳಿದವರಿಗೆ ಕೊಡುತ್ತೇವೆ. ಯಾರೂ ಕೇಳುವುದಿಲ್ಲ” ಎಂದರು.

ಬಂಧುಗಳೇ, ನಮ್ಮ ಸಮಾಜದ ಅರ್ಧ ಕತೆ ಈ ಖಾನೆಯಲ್ಲಿದೆ. ಕಾನೂನು ಕನ್ನಡದ ಕಾಗದ ಮಾಡಿಸಿತ್ತು. ಕಾಗದ ಊರಿಗೂ ಬಂದಿತ್ತು. ರೋಗಿಯ ಕೈಗೂ ಅದಕ್ಕೂ ನಡುವೆ ಒಂದು ಮೊಳದ ಮೇಜು ಮಾತ್ರ ಇತ್ತು. ಆ ಒಂದು ಮೊಳ ದಾಟಲಿಕ್ಕೆ ಒಂದು ಬಾಯಿ ಬೇಕಾಗಿತ್ತು.

ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಜೋರಾಗಿ ಓದಿದೆವು. ಗಗನಚುಕ್ಕಿಯ ಹಾದಿಯಲ್ಲಿ ಅಂಗಡಿ ಇಟ್ಟಿರುವ ಒಬ್ಬರು ಪಕ್ಕದಲ್ಲಿದ್ದರು, ಅವರಿಗೂ ಅದೇ ಕಾಗದ ಸಿಕ್ಕಿತ್ತು. ಅರ್ಥವಾಗದ ಕಡೆ ಡಾಕ್ಟರನ್ನೇ ಕೇಳಿದೆವು. ಅವರು ಬೇಸರಿಸದೆ ಉತ್ತರ ಕೊಟ್ಟರು ಎಂಬುದನ್ನೂ ಹೇಳಬೇಕು. ಸಂಭಾವನೆ ಎಷ್ಟು ಎಂದು ಕೇಳಿದ್ದಕ್ಕೆ ಮಾತ್ರ ನಕ್ಕು ಸುಮ್ಮನಾದರು. ಎಲ್ಲ ಓದಿದ ಮೇಲೆ ಗಿರಣಿಯ ಗೆಳೆಯರು “ನಾ ಒಲ್ಲೆ ಸಾರ್. ಹದಿನೈದು ದಿನಕ್ಕೊಂದು ಕೂಲಿ ಬಿಡಕ್ಕಾಗಕಿಲ್ಲ” ಎಂದರು. ಅಂಗಡಿಯವರು ಎರಡು ದಿನ ಯೋಚನೆ ಮಾಡಿ, ಮನೆಯವರನ್ನು ಕೇಳಿ, ಸೇರಿಕೊಂಡರು. ಅವರ ಮಾತು: “ನಮ್ಮಪ್ಪನೂ ಇದೇ ಕಾಯ್ಲೇಲಿ ಹೋದ. ನನ್ನ ಮಕ್ಳಿಗಾದ್ರೂ ಒಳ್ಳೇ ಮದ್ದು ಸಿಗ್ಲಿ.” ನನ್ನ ದೃಷ್ಟಿಯಲ್ಲಿ ಇಬ್ಬರೂ ಸರಿ. ಒಬ್ಬರು ತಿಳಿದು ಬೇಡವೆಂದರು, ಒಬ್ಬರು ತಿಳಿದು ಆಗಲಿ ಎಂದರು. ತಿಳಿಯದೆ ಹಾಕಿದ ರುಜು ಮಾತ್ರ ತಪ್ಪು. ಗಿರಣಿಯ ಗೆಳೆಯರ ಮಗುವಿಗೆ ಮೊನ್ನೆ ಜ್ವರ ಬಂದಾಗ ಡಾಕ್ಟರು ಎಂದಿನಂತೆಯೇ ನೋಡಿದರು. ಅವರ ಹೆದರಿಕೆ ಹುಸಿಯಾಯಿತು. ಆದರೆ ಆ ಹೆದರಿಕೆಯನ್ನು ಮುಂಚೆಯೇ, ಬಾಯಿಬಿಟ್ಟು ಹೋಗಲಾಡಿಸುವುದು ಡಾಕ್ಟರ ಕರ್ತವ್ಯವಾಗಿತ್ತು.

ಆಕ್ಷೇಪಗಳು, ಹಕ್ಕೊತ್ತಾಯಗಳು

“ಇಷ್ಟೆಲ್ಲ ಕೇಳಿದರೆ ಕಂಪನಿಗಳು ಬರುವುದಿಲ್ಲ” ಎನ್ನುತ್ತಾರೆ. ಕೇಳುವವರಿಲ್ಲ ಎಂಬ ಕಾರಣಕ್ಕೇ ಬರುವ ಕಂಪನಿ ಬರದಿದ್ದರೆ ನಷ್ಟವೇನು? “ಬಡವನಿಗೆ ಪುಕ್ಕಟೆ ಮದ್ದು ಸಿಗುತ್ತಿತ್ತು, ಅದನ್ನೂ ತಪ್ಪಿಸುತ್ತೀರಿ” ಎನ್ನುತ್ತಾರೆ. ಸಕ್ಕರೆ ಕಾಯಿಲೆಯ ಮಾಮೂಲು ಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ವರ್ಷವಿಡೀ ತಪ್ಪದೆ ಸಿಗುವಂತೆ ಮಾಡಿ, ಆಮೇಲೆ ಆ ಬಡವನನ್ನು ಪ್ರಯೋಗಕ್ಕೆ ಬರುತ್ತೀಯಾ ಎಂದು ಕೇಳಿ. ಆಗ ಅವನು ಹೇಳುವ “ಆಗಲಿ” ಎಂಬುದೇ ನಿಜವಾದ ಒಪ್ಪಿಗೆ. ಹಸಿದವನ ಮುಂದೆ ಎಲೆ ಹಾಸಿ ಪಡೆದ ರುಜು ಒಪ್ಪಿಗೆಯಲ್ಲ. “ಓದು ಬಾರದವನಿಗೆ ಏನು ಹೇಳಿ ಏನು?” ಎನ್ನುವವರೂ ಇದ್ದಾರೆ. ಬಡ್ಡಿ ಲೆಕ್ಕ, ಗೇಣಿ ಲೆಕ್ಕ, ಸರದಿ ನೀರಿನ ಲೆಕ್ಕ ಬಲ್ಲವನಿಗೆ ಹುಸಿಗುಳಿಗೆಯ ಲೆಕ್ಕ ತಿಳಿಯುವುದಿಲ್ಲವೇ? ತಿಳಿಸುವವನಿಗೆ ಮನಸ್ಸಿರಬೇಕು.

1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತದ್ದು ಏತಕ್ಕೆಂದು ನೆನಪಿದೆಯೇ? ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರಕ್ಕಾಗಿ. ಒಡೆಯನ ಕೊಳಗ ದೊಡ್ಡದು, ರೈತನ ಪಾಲು ಚಿಕ್ಕದು. ಭತ್ತ ಕೊಡುವುದಿಲ್ಲ ಎಂದಲ್ಲ, ಅಳತೆ ಸರಿಯಿರಲಿ ಎಂದು ಅವರು ಕೇಳಿದ್ದು. ನಾವು ಕೇಳುವುದೂ ಅದೇ. ಮೈ ಒಡ್ಡುವುದಿಲ್ಲ ಎಂದಲ್ಲ, ಅಳತೆ ಸರಿಯಿರಲಿ.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು ಇವು:

ಒಂದು, ಪ್ರಯೋಗಕ್ಕೆ ಕರೆಯುವ ಪ್ರತಿಯೊಬ್ಬ ಡಾಕ್ಟರೂ ಮೊದಲ ಮಾತಿನಲ್ಲೇ “ಇದು ಪ್ರಯೋಗ, ಒಲ್ಲೆನೆಂದರೆ ನಿಮ್ಮ ಚಿಕಿತ್ಸೆಗೆ ತೊಂದರೆಯಿಲ್ಲ” ಎಂದು ಹೇಳತಕ್ಕದ್ದು.

ಎರಡು, ಒಬ್ಬ ರೋಗಿಯನ್ನು ಸೇರಿಸಿದ್ದಕ್ಕೆ ಕಂಪನಿಯಿಂದ ತಮಗೆ ಎಷ್ಟು ಸಲ್ಲುತ್ತದೆ ಎಂಬುದನ್ನು ಒಪ್ಪಿಗೆ ಕಾಗದದಲ್ಲಿಯೇ ಕನ್ನಡದಲ್ಲಿ ಅಚ್ಚು ಹಾಕಿಸತಕ್ಕದ್ದು.

ಮೂರು, ಕಾಗದವನ್ನು ಮನೆಗೆ ಒಯ್ದು ಓದಿಸಿ ಕೇಳಲು ಕಡೆಯ ಪಕ್ಷ ಎರಡು ದಿನ ಕೊಡತಕ್ಕದ್ದು. ಸಾಕ್ಷಿ ಯಾರೆಂಬುದನ್ನು ಆಸ್ಪತ್ರೆಯ ಕಾಂಪೌಂಡರ್ ಅಲ್ಲ, ರೋಗಿ ಆರಿಸಿಕೊಳ್ಳಬೇಕು.

ನಾಲ್ಕು, ಗಿರಣಿಯ ಮಾಲೀಕರಾಗಲಿ ಗುತ್ತಿಗೆದಾರರಾಗಲಿ ತಮ್ಮ ಕೆಲಸಗಾರರನ್ನು ಪ್ರಯೋಗಕ್ಕೆ ಕಳಿಸಕೂಡದು.

ಐದು, ಮಂಡ್ಯ ಜಿಲ್ಲೆಯಲ್ಲಿ ನಡೆಯುವ ಪ್ರಯೋಗಗಳನ್ನು ಪರಿಶೀಲಿಸುವ ನೀತಿ ಸಮಿತಿಗಳಲ್ಲಿ ಕಾರ್ಮಿಕ ಸಂಘದ ಒಬ್ಬರಿಗೂ ಸಣ್ಣ ವ್ಯಾಪಾರಿಗಳ ಒಬ್ಬರಿಗೂ ಸ್ಥಾನ ಕೊಡತಕ್ಕದ್ದು.

ಆರು, ಪ್ರಯೋಗ ಮುಗಿದ ಮೇಲೆ, ಮದ್ದು ಗೆದ್ದಿತೋ ಸೋತಿತೋ, ಸೇರಿದ ಪ್ರತಿಯೊಬ್ಬರಿಗೂ ಕನ್ನಡದಲ್ಲಿ ತಿಳಿಸತಕ್ಕದ್ದು. ಮದ್ದು ಗೆದ್ದರೆ, ಅದನ್ನು ಗೆಲ್ಲಿಸಿಕೊಟ್ಟ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದು ಮೊದಲು ಸಿಗಬೇಕು.

ಸರ್ಕಾರ ಕಿವಿಗೊಡುವ ತನಕ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳೆಲ್ಲ 2009ರ ಜೂನಿನಿಂದ ಸರ್ಕಾರಿ ದಾಖಲೆಯಲ್ಲಿ ನೋಂದಣಿಯಾಗಲೇಬೇಕು, ಅದು ಯಾರು ಬೇಕಾದರೂ ನೋಡಬಹುದಾದ ದಾಖಲೆ. ಓದಿಕೊಂಡ ನಮ್ಮ ಹುಡುಗರು ಅದನ್ನು ನೋಡಿ, ನಮ್ಮ ಜಿಲ್ಲೆಯ ಹೆಸರು ಎಲ್ಲೆಲ್ಲಿದೆ ಎಂದು ಪಟ್ಟಿ ಮಾಡಲಿ. ಕಾಗದ ಕೈಗೆ ಬಂದವರು ಯಾವ ಪಕ್ಷದವರಾದರೂ ಸರಿ, ಯಾವ ಜಾತಿಯವರಾದರೂ ಸರಿ, ನಮ್ಮ ಕಚೇರಿಗೆ ತನ್ನಿ. ಭಾನುವಾರ ಸಂಜೆ ಆರರಿಂದ ಓದಿ ಹೇಳಲು ನಾವಿದ್ದೇವೆ. ಸೇರಿ ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಓದಿ ಹೇಳುತ್ತೇವೆ, ಅಷ್ಟೆ. ತೀರ್ಮಾನ ನಿಮ್ಮದು.

ಡಾಕ್ಟರ ಮೇಜಿನ ಖಾನೆಯಲ್ಲಿ ಕನ್ನಡದ ಕಾಗದ ಇದೆ. ಕೇಳಿ ಪಡೆಯಿರಿ!